ಇಳಿಜಾರಿನ ನಾಲಿಗೆ

ನಾಲಿಗೆಗೆ ಎಲುಬಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಟಿವಿಯಲ್ಲಿ ದುಡಿಯುವ ನಾಲಿಗೆಗೆ ಮಾಲೀಕನೂ ಇಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ನೂರು ಸಂಚಿಕೆಗಳಲ್ಲಿ ಚಪ್ಪಾಳೆ ಗಿಟ್ಟಿಸುವಾಗ ಆ ನಾಲಿಗೆ ನಿರೂಪಕರದ್ದೇ. ಸಂಭಾವನೆ ಅವರ ಖಾತೆಗೇ ಜಮೆಯಾಗುತ್ತದೆ. ನೂರಾ ಒಂದನೆಯ ಸಂಚಿಕೆಯಲ್ಲಿ ಯಾರದೋ ಮೈಬಣ್ಣವನ್ನೋ ಕಣ್ಣಿನ ಆಕಾರವನ್ನೋ ಹುಟ್ಟನ್ನೋ ಹಿಡಿದು ಆಡಿಕೊಂಡ ಕೂಡಲೇ ಅದು ಅನಾಥವಾಗಿಬಿಡುತ್ತದೆ. "ನಾಲಿಗೆ ಜಾರಿತು" ಎನ್ನುತ್ತಾರೆ. ಬಾಡಿಗೆಗಿದ್ದವನು ಏನೋ ಗಲಾಟೆ ಮಾಡಿಕೊಂಡಿದ್ದಾನೆ, ಮನೆ ಯಜಮಾನನಾದ ನಾನು ಆ ಹೊತ್ತಿಗೆ ಊರಲ್ಲೇ ಇರಲಿಲ್ಲ ಎನ್ನುವ ಧಾಟಿ.

ಜಾರಲಿ ಬಿಡಿ. ಜಾರಿದ್ದು ಯಾವ ಕಡೆಗೆ ಎನ್ನುವುದಷ್ಟೇ ನನ್ನ ಕುತೂಹಲ. ಇಷ್ಟು ವರ್ಷ ಟಿವಿ ನೋಡಿದ್ದೇನೆ, ಯಾವ ನಿರೂಪಕನ ನಾಲಿಗೆಯೂ ಜಾರಿ ಚಾನೆಲ್ ಮಾಲೀಕನ ಮೇಲೆ ಬಿದ್ದದ್ದನ್ನು ಕಂಡಿಲ್ಲ. ಪ್ರಾಯೋಜಕರ ಸಾಬೂನಿನ ಹತ್ತಿರ ಅಷ್ಟೊಂದು ನೊರೆ ಇದ್ದರೂ ಅಲ್ಲಿ ಅದು ಜಾರುವುದಿಲ್ಲ. ತಗ್ಗು ಎಲ್ಲಿದೆ ಎಂಬುದನ್ನು ನೀರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಈ ನಾಲಿಗೆಗೂ ಅಷ್ಟೇ.

ತಗ್ಗು ಎಂದಾಗ ಬಿಬಿಸಿಯ ಕಾರುಗಳ ಕಾರ್ಯಕ್ರಮ 'ಟಾಪ್ ಗೇರ್' ನೆನಪಾಗುತ್ತದೆ. 2014ರಲ್ಲಿ ಪ್ರಸಾರವಾದ ಬರ್ಮಾ ಪ್ರವಾಸದ ವಿಶೇಷ ಸಂಚಿಕೆಯಲ್ಲಿ ನಿರೂಪಕರೆಲ್ಲ ಸೇರಿ ಒಂದು ಸೇತುವೆ ಕಟ್ಟಿದರು. ಕಟ್ಟಿ ಮುಗಿಸಿ ಹೆಮ್ಮೆಯಿಂದ ನೋಡುವಾಗ ಏಷ್ಯಾದವನೊಬ್ಬ ಅದರ ಮೇಲೆ ನಡೆದು ಬರುತ್ತಿದ್ದ. ಸೇತುವೆಯ ಮೇಲೊಂದು 'ಸ್ಲೋಪ್' ಇದೆಯಲ್ಲ ಎಂದರು ನಿರೂಪಕರಲ್ಲೊಬ್ಬರಾದ ಜೆರೆಮಿ ಕ್ಲಾರ್ಕ್ಸನ್. ಸ್ಲೋಪ್ ಎಂದರೆ ಇಳಿಜಾರು. ಏಷ್ಯಾದವರ ಕಣ್ಣನ್ನು ಹಂಗಿಸುವ ಹಳೆಯ ಬೈಗುಳವೂ ಹೌದು. ದೂರುಗಳು ಬಂದ ಮೇಲೆ ಕಾರ್ಯಕ್ರಮದ ನಿರ್ಮಾಪಕರು ವಿವರಣೆ ಕೊಟ್ಟರು. ಅದೊಂದು ಲಘುವಾದ ಪದವಿನೋದವಂತೆ, ಆ ಪದ ಕೆಲವರಿಗೆ ಅವಮಾನಕರ ಎಂಬುದು ಆಗ ತಮಗೆ ಗೊತ್ತಿರಲಿಲ್ಲವಂತೆ.

ಈ ವಿವರಣೆಯ ಮುಂದೆ ನಾನು ಬಹಳ ಹೊತ್ತು ಕೈಕಟ್ಟಿ ಕುಳಿತಿದ್ದೆ. ನಮ್ಮ ಹಳಗನ್ನಡದ ಕವಿಗಳು ಒಂದು ಶ್ಲೇಷೆಗಾಗಿ ನಿಘಂಟುಗಳನ್ನೆಲ್ಲ ಜಾಲಾಡಿ ಒಂದೇ ಪದದಲ್ಲಿ ಎರಡು ಅರ್ಥ ತುಂಬಲು ಹೆಣಗಿದರು. ಎರಡನೆಯ ಅರ್ಥ ಗೊತ್ತಿಲ್ಲದೆಯೇ ಶ್ಲೇಷೆ ಕಟ್ಟುವ ವಿದ್ಯೆ ಅವರಿಗೆ ಸಿದ್ಧಿಸಿರಲಿಲ್ಲ, ಪಾಪ. ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ ಮಾತ್ರ ಕಾವ್ಯಮೀಮಾಂಸೆಯಲ್ಲಿ ಆಸಕ್ತಿ ಇದ್ದಂತಿಲ್ಲ, ನಿಯಮ ಉಲ್ಲಂಘನೆಯಾಗಿದೆ ಎಂದು ತೀರ್ಪಿತ್ತಿತು. ಅದೇ ವರ್ಷ ಇನ್ನೊಂದು ಹಳೆಯ ದೃಶ್ಯವೂ ಹೊರಬಿತ್ತು. ಎರಡು ಕಾರುಗಳಲ್ಲಿ ಒಂದನ್ನು ಆರಿಸಲು ಕ್ಲಾರ್ಕ್ಸನ್ ಮಕ್ಕಳ ಎಣಿಕೆಯ ಪದ್ಯ ಹೇಳುತ್ತಾರೆ. ಅದರ ಹಳೆಯ ಪಾಠದಲ್ಲಿ ಕಪ್ಪು ವರ್ಣೀಯರಿಗೆ ಬಳಸುವ ಅತಿ ಹೊಲಸು ಪದವೊಂದಿದೆ. ಆ ಜಾಗ ಬಂದಾಗ ತಾವು ಗೊಣಗಿ ದಾಟಿಸಲು ಯತ್ನಿಸಿದ್ದಾಗಿ ಅವರು ಹೇಳಿಕೊಂಡರು. ಅದಕ್ಕೆ ಬಿಬಿಸಿಯಿಂದ ಎಚ್ಚರಿಕೆ ಸಿಕ್ಕಿತು. ಕೆಲಸ ಹೋದದ್ದು ಮರುವರ್ಷ, ನಿರ್ಮಾಪಕರೊಬ್ಬರ ಮೇಲೆ ಕೈ ಮಾಡಿದ್ದಕ್ಕೆ. ಸಂಸ್ಥೆಯವರ ಮುಖಕ್ಕೆ ಬಿದ್ದರೆ ಗುದ್ದು, ದೂರದ ಖಂಡದವರ ಮುಖಕ್ಕೆ ಬಿದ್ದರೆ ವಿನೋದ.

ಅರ್ಥ ಗೊತ್ತಿರಲಿಲ್ಲ ಎನ್ನಲಾಗದವರು ತಪ್ಪನ್ನು ಮೈಕಿನ ಮೇಲೆ ಹೊರಿಸುತ್ತಾರೆ. 2004ರ ಏಪ್ರಿಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್‌ನ ಸೆಮಿಫೈನಲ್ ಪಂದ್ಯದಲ್ಲಿ ಚೆಲ್ಸಿ ತಂಡ ಮೊನಾಕೊ ಎದುರು ಸೋತಿತು. ಪ್ರಸಾರ ಮುಗಿಯಿತೆಂದು ತಿಳಿದ ಬ್ರಿಟನ್ನಿನ ಐಟಿವಿ ವಾಹಿನಿಯ ವಿಶ್ಲೇಷಕ ರಾನ್ ಅಟ್ಕಿನ್ಸನ್, ಚೆಲ್ಸಿಯ ಆಟಗಾರ ಮಾರ್ಸೆಲ್ ಡೆಸೈಯಿ ಕುರಿತು ಅದೇ ಹೊಲಸು ಪದ ಬಳಸಿದರು. ಬ್ರಿಟನ್ನಿನಲ್ಲಿ ಪ್ರಸಾರ ಮುಗಿದಿತ್ತು, ಮಧ್ಯಪ್ರಾಚ್ಯದ ಕೆಲವು ದೇಶಗಳಲ್ಲಿ ಮುಗಿದಿರಲಿಲ್ಲ. ಅವರು ರಾಜೀನಾಮೆ ಕೊಟ್ಟರು ಎನ್ನಿ. ಆಮೇಲೆ ನಡೆದ ಚರ್ಚೆಯಲ್ಲಿ ಮತ್ತೆ ಮತ್ತೆ ಕೇಳಿಬಂದ ವಾದ ಸ್ವಾರಸ್ಯಕರವಾಗಿತ್ತು. 1970ರ ದಶಕದ ಕೊನೆಯಲ್ಲಿ ವೆಸ್ಟ್ ಬ್ರಾಮ್‌ವಿಚ್ ತಂಡದ ಮ್ಯಾನೇಜರ್ ಆಗಿದ್ದಾಗ ಇದೇ ಅಟ್ಕಿನ್ಸನ್ ಮೂವರು ಕಪ್ಪು ವರ್ಣೀಯ ಆಟಗಾರರನ್ನು ಒಟ್ಟಿಗೆ ಕಣಕ್ಕಿಳಿಸಿದ್ದರಲ್ಲವೇ? ಹೌದು, ಇಳಿಸಿದ್ದರು, ಅದು ದೊಡ್ಡ ಕೆಲಸವೇ. ಆದರೆ ಅದು ಬ್ಯಾಂಕಿನಲ್ಲಿಟ್ಟ ನಿಶ್ಚಿತ ಠೇವಣಿ, ಕಾಲು ಶತಮಾನಕ್ಕೆ ಬಡ್ಡಿ ಬೆಳೆದು ಒಂದು ಬೈಗುಳ ಉಚಿತವಾಗಿ ಸಿಗುತ್ತದೆ ಎಂದು ನನಗೆ ತಿಳಿದಿರಲಿಲ್ಲ.

ಮೈಕಿನ ನಂತರದ ಆರೋಪಿ ಮಾತ್ರೆ. 2018ರ ಮೇ ತಿಂಗಳಲ್ಲಿ ಅಮೆರಿಕದ ಹಾಸ್ಯನಟಿ ರೋಸ್ಯಾನ್ ಬಾರ್, ಒಬಾಮ ಅವರ ಸಲಹೆಗಾರ್ತಿಯಾಗಿದ್ದ ವ್ಯಾಲರಿ ಜ್ಯಾರೆಟ್ ಅವರನ್ನು ವಾನರ ಸಂತತಿಗೆ ಹೋಲಿಸಿ ಟ್ವೀಟ್ ಮಾಡಿದರು. ಎಬಿಸಿ ವಾಹಿನಿ ಅಂದೇ ಅವರ ಧಾರಾವಾಹಿಯನ್ನು ನಿಲ್ಲಿಸಿತು. ನಿದ್ರೆಗೆಂದು ಆಂಬಿಯನ್ ಮಾತ್ರೆ ನುಂಗಿದ್ದೆ ಎಂದರು ರೋಸ್ಯಾನ್. ಮಾತ್ರೆ ತಯಾರಿಸುವ ಸನೋಫಿ ಕಂಪನಿ ಮರುದಿನವೇ ಉತ್ತರಿಸಿತು: ಎಲ್ಲ ಔಷಧಗಳಿಗೂ ಅಡ್ಡಪರಿಣಾಮ ಉಂಟು, ಆದರೆ ಜನಾಂಗೀಯ ದ್ವೇಷ ನಮ್ಮ ಯಾವ ಔಷಧದ್ದೂ ಗೊತ್ತಿರುವ ಅಡ್ಡಪರಿಣಾಮವಲ್ಲ. ಔಷಧ ಕಂಪನಿಯೊಂದರ ಪ್ರಕಟಣೆಯನ್ನು ನಾನು ಎರಡು ಸಲ ಓದಿ ನಕ್ಕದ್ದು ಅದೊಂದೇ ಬಾರಿ.

ಇನ್ನು ಹಪ್ಪಳದ ಪ್ರಕರಣ. ನಾಲಿಗೆಗೆ ದೇವರು ಕೊಟ್ಟ ಕೆಲಸ ಎರಡು, ರುಚಿ ನೋಡುವುದು ಮತ್ತು ಮಾತನಾಡುವುದು. ಎರಡೂ ಕಲಸುಮೇಲೋಗರವಾದರೆ ಏನಾಗುತ್ತದೆ ಎಂಬುದು 2007ರ ಜನವರಿಯಲ್ಲಿ ಬ್ರಿಟನ್ನಿನ ಚಾನೆಲ್ 4ರ 'ಸೆಲೆಬ್ರಿಟಿ ಬಿಗ್ ಬ್ರದರ್' ಮನೆಯಲ್ಲಿ ಗೊತ್ತಾಯಿತು. ಮಂಗಳೂರಿನಲ್ಲಿ ಹುಟ್ಟಿದ ಶಿಲ್ಪಾ ಶೆಟ್ಟಿ ಆ ಮನೆಯಲ್ಲಿದ್ದರು. ದೊಡ್ಡ ಜಗಳ ಹೊತ್ತಿಕೊಂಡದ್ದು ಸಾರಿಗೆ ಹಾಕುವ ಮಸಾಲೆ ಗಟ್ಟಿಗಾಗಿ. ಗಟ್ಟಿ ಕರಗುವ ಮೊದಲೇ ಮಾತು ಎಲ್ಲೆಲ್ಲಿಗೋ ಹೋಗಿ, ಜೇಡ್ ಗೂಡಿ ಎಂಬ ಸಹಸ್ಪರ್ಧಿ ಶಿಲ್ಪಾ ಅವರನ್ನು 'ಶಿಲ್ಪಾ ಪೊಪಡಮ್' ಎಂದು ಕರೆದರು. ಪೊಪಡಮ್ ಎಂದರೆ ನಮ್ಮ ಹಪ್ಪಳ. ಆಮೇಲೆ ವಿವರಣೆಯೂ ಬಂತು: ಉಪನಾಮ ಬಾಯಿಗೆ ಬರಲಿಲ್ಲ, ಭಾರತದ್ದು ಎಂದಾಗ ನೆನಪಾದದ್ದು ತಿಂಡಿ. ಎರಡೇ ಅಕ್ಷರದ ಶೆಟ್ಟಿ ಗಂಟಲಲ್ಲಿ ಸಿಕ್ಕಿಕೊಂಡಿತು, ಅದಕ್ಕಿಂತ ಉದ್ದದ ಹಪ್ಪಳ ಸಲೀಸಾಗಿ ಹೊರಬಂತು.

ಆಫ್‌ಕಾಮ್‌ಗೆ 44,500ಕ್ಕೂ ಹೆಚ್ಚು ದೂರುಗಳು ಬಂದವು. ವಿಷಯ ಬ್ರಿಟನ್ನಿನ ಸಂಸತ್ತನ್ನು ಮುಟ್ಟಿತು. ಆಗ ಭಾರತ ಪ್ರವಾಸದಲ್ಲಿದ್ದ ಅವರ ಹಣಕಾಸು ಸಚಿವ ಗಾರ್ಡನ್ ಬ್ರೌನ್, ವ್ಯಾಪಾರದ ಮಾತಾಡಲು ಬಂದವರು, ಬಿಗ್ ಬ್ರದರ್ ಬಗ್ಗೆ ಹೇಳಿಕೆ ಕೊಡಬೇಕಾಯಿತು. ಪಟ್ನಾದಲ್ಲಿ ಪ್ರತಿಕೃತಿ ಸುಟ್ಟರು. ಚಾನೆಲ್ 4 ಮಾತ್ರ ಮೊದಮೊದಲು ಇದು ಸಂಸ್ಕೃತಿ ಮತ್ತು ವರ್ಗಗಳ ತಿಕ್ಕಾಟವೇ ಹೊರತು ನೇರ ಜನಾಂಗೀಯ ನಿಂದನೆಯಲ್ಲ ಎಂದು ಶಾಂತವಾಗಿತ್ತು. ಶಾಂತವಾಗಿರದೆ ಏನು, ನೋಡುಗರ ಸಂಖ್ಯೆ ಏರುತ್ತಲೇ ಇತ್ತು. ಪ್ರಾಯೋಜಕ ಕಂಪನಿ ಕೈ ಬಿಟ್ಟಾಗಲೇ ವಾಹಿನಿಯ ಮುಖದಲ್ಲಿ ಮೊದಲ ಬಾರಿಗೆ ನೋವು ಕಾಣಿಸಿಕೊಂಡದ್ದು. ಕೊನೆಗೆ ಶಿಲ್ಪಾ ಶೇಕಡ 63 ಮತ ಪಡೆದು ಗೆದ್ದರು. ಮರುವರ್ಷ ನಮ್ಮ ಹಿಂದಿ 'ಬಿಗ್ ಬಾಸ್'ಗೆ ಶಿಲ್ಪಾ ನಿರೂಪಕಿ, ಸ್ಪರ್ಧಿಯಾಗಿ ಬಂದವರು ಯಾರು ಗೊತ್ತೇ? ಅದೇ ಜೇಡ್ ಗೂಡಿ. ತನಗೆ ಕ್ಯಾನ್ಸರ್ ಇದೆ ಎಂಬ ಸುದ್ದಿ ಆಕೆಗೆ ತಲುಪಿದ್ದೂ ಆ ಮನೆಯೊಳಗಿದ್ದಾಗಲೇ. 2009ರ ಮಾರ್ಚ್‌ನಲ್ಲಿ, 27ನೆಯ ವಯಸ್ಸಿಗೆ, ತೀರಿಕೊಂಡರು. ಇಷ್ಟು ಭಾಗ ಬರೆಯುವಾಗ ನನಗೆ ನಗು ಬರಲಿಲ್ಲ.

ಪಟ್ನಾದ ಬೂದಿ ಆರಿ ಒಂಬತ್ತು ವರ್ಷವಾದ ಮೇಲೆ, 2016ರಲ್ಲಿ, ನಮ್ಮದೇ ಹಿಂದಿ ಹಾಸ್ಯ ಕಾರ್ಯಕ್ರಮವೊಂದಕ್ಕೆ ನಟಿ ತನ್ನಿಷ್ಠಾ ಚಟರ್ಜಿ ಅತಿಥಿಯಾಗಿ ಹೋದರು. ಚಿಕ್ಕಂದಿನಿಂದ ನೇರಳೆ ಹಣ್ಣು ಎಷ್ಟು ತಿಂದಿರಿ ಎಂದು ಅವರ ಮೈಬಣ್ಣ ಹಿಡಿದು ಕೇಳಿದರು. ತನ್ನಿಷ್ಠಾ ಎದ್ದು ಹೊರಟರು. 2021ರಲ್ಲಿ ಇನ್ನೊಂದು ಹಿಂದಿ ನೃತ್ಯ ಸ್ಪರ್ಧೆಯಲ್ಲಿ ಗುವಾಹಟಿಯ ಪುಟ್ಟ ಹುಡುಗಿಯನ್ನು ನಿರೂಪಕ ಮೋಮೊ, ಚೌಮೀನ್ ಎಂದೂ ಚೀನೀ ಭಾಷೆಯಂತೆ ಕೇಳಿಸುವ ಅಪಶಬ್ದಗಳಿಂದಲೂ ವೇದಿಕೆಗೆ ಸ್ವಾಗತಿಸಿದ. ತೀರ್ಪುಗಾರರು ನಕ್ಕರು. ಅಸ್ಸಾಮಿನ ಮುಖ್ಯಮಂತ್ರಿ ಖಂಡಿಸಿದ ಮೇಲೆ, ತುಣುಕನ್ನು ಮಾತ್ರ ನೋಡಬೇಡಿ, ಹಿಂದುಮುಂದಿನ ಸಂದರ್ಭ ನೋಡಿ ಎಂಬ ವಿವರಣೆ ಬಂತು. ಹಪ್ಪಳ, ನೇರಳೆ, ಮೋಮೊ. ಬೈಗುಳದ ಈ ಅಡುಗೆಮನೆಯಲ್ಲಿ ಹಸಿದವರು ಯಾರೂ ಇಲ್ಲ ಎನ್ನುವುದೇ ಸೋಜಿಗ.

ಹಗಲು ಹೀಗೆ ಬೈದದ್ದಕ್ಕೆ ರಾತ್ರಿ ಚರ್ಚೆ ಇಡುತ್ತಾರೆ. ಪರದೆಯಲ್ಲಿ ಆರು ಕಿಟಕಿಗಳು. ಒಂದರಲ್ಲಿ ವಕೀಲರು, ಒಂದರಲ್ಲಿ ಹಿರಿಯ ಹಾಸ್ಯನಟರು, ಒಂದರಲ್ಲಿ ಮನೋವೈದ್ಯರು, ಎರಡರಲ್ಲಿ ಪರಸ್ಪರ ಬೆರಳು ತೋರಿಸುವ ಪಕ್ಷದ ವಕ್ತಾರರು. ಬೈಸಿಕೊಂಡ ಸಮುದಾಯದವರೊಬ್ಬರು ಆರನೆಯದರಲ್ಲಿ ಇದ್ದಾರೆ, ಅವರ ತುಟಿ ಅಲ್ಲಾಡುತ್ತದೆ, ಧ್ವನಿ ಬರುವುದಿಲ್ಲ. "ನಿಮ್ಮ ಬಳಿ ಮತ್ತೆ ಬರುತ್ತೇನೆ" ಎನ್ನುತ್ತಾನೆ ನಿರೂಪಕ. ಬರುವುದಿಲ್ಲ. ಕೆಳಗೆ ಕೆಂಪು ಪಟ್ಟಿಯಲ್ಲಿ 'ಹಾಸ್ಯವೋ? ಅವಮಾನವೋ?' ಎಂದು ಓಡುತ್ತಿರುತ್ತದೆ. ಮೂಲ ತುಣುಕು ಎರಡು ನಿಮಿಷಕ್ಕೊಮ್ಮೆ ಬರುತ್ತದೆ, ಆ ಪದದ ಮೇಲೆ ಬೀಪ್ ಹಾಕಿ. ಬೀಪ್ ಹಾಕುವ ಹುಡುಗನ ಕೈಚಳಕ ನೋಡಬೇಕು. ಮೊದಲ ಅಕ್ಷರ ಕೇಳಿಸುವಂತೆ ಬಿಟ್ಟು, ಕೊನೆಯ ಅಕ್ಷರ ಕೇಳಿಸುವಂತೆ ಉಳಿಸಿ, ನಡುವೆ ಮಾತ್ರ 'ಟೂಂ' ಎನ್ನಿಸುತ್ತಾನೆ. ಬಿಟ್ಟ ಸ್ಥಳ ತುಂಬಿರಿ! ಅದುವರೆಗೆ ಆ ಪದವನ್ನೇ ಕೇಳಿರದ ಮಕ್ಕಳು ಚರ್ಚೆ ಮುಗಿಯುವ ಹೊತ್ತಿಗೆ ಪೂರ್ಣಾಂಕ ಪಡೆದಿರುತ್ತಾರೆ. ಈ ಕಾಲದಲ್ಲಿ ಬಾಯೇ ಬಿಡುವ ಹಾಗಿಲ್ಲ ಎಂದು ಹಿರಿಯ ಹಾಸ್ಯನಟರು ಇಪ್ಪತ್ತು ನಿಮಿಷ ಬಾಯಿ ಮುಚ್ಚದೆ ಹೇಳುತ್ತಾರೆ.

ಇದಕ್ಕಿಂತ ಪ್ರಾಮಾಣಿಕರು ನ್ಯೂಜಿಲೆಂಡ್‌ನವರು. 2010ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರಕಾರಿ ವಾಹಿನಿ ಟಿವಿಎನ್‌ಝಡ್‌ನ ನಿರೂಪಕ ಪಾಲ್ ಹೆನ್ರಿ ಪ್ರಧಾನಿ ಜಾನ್ ಕೀ ಅವರನ್ನು ಎದುರಿಗೆ ಕೂರಿಸಿಕೊಂಡು ಗವರ್ನರ್ ಜನರಲ್ ಆನಂದ್ ಸತ್ಯಾನಂದ್ ಅವರು ನ್ಯೂಜಿಲೆಂಡ್‌ನವರೇ ಹೌದೇ ಎಂದು ಕೇಳಿದ. ಸತ್ಯಾನಂದ್ ಹುಟ್ಟಿದ್ದು ಆಕ್ಲೆಂಡ್‌ನಲ್ಲಿ. ಅದರ ಸುಮಾರಿಗೇ ದೆಹಲಿಯ ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಅವರ ಹೆಸರನ್ನು ಬೇಕೆಂದೇ ತಿರುಚಿ ಉಚ್ಚರಿಸಿ ಬಿದ್ದು ಬಿದ್ದು ನಕ್ಕ. ವಾಹಿನಿಯ ವಕ್ತಾರರು ಮೊದಲು ಕೊಟ್ಟ ಸಮರ್ಥನೆ ಏನೆಂದರೆ, ನಾವೆಲ್ಲ ಮನಸ್ಸಿನಲ್ಲೇ ಅಂದುಕೊಂಡು ಹೇಳಲು ಹೆದರುವುದನ್ನು ಈತ ಹೇಳುತ್ತಾನೆ, ಅದಕ್ಕೇ ವೀಕ್ಷಕರಿಗೆ ಇಷ್ಟ. ಬಾಯಿ ತಪ್ಪಿ ಸತ್ಯ ಬರುವುದೆಂದರೆ ಇದು! ಭಾರತ ನ್ಯೂಜಿಲೆಂಡ್‌ನ ರಾಜತಾಂತ್ರಿಕ ಅಧಿಕಾರಿಯನ್ನು ಕರೆಸಿಕೊಂಡಿತು, ವಾಹಿನಿ ಕ್ಷಮೆ ಕೇಳಿತು, ಹೆನ್ರಿ ರಾಜೀನಾಮೆ ಕೊಟ್ಟ.

ಹೋದವರು ಎಲ್ಲಿಗೆ ಹೋಗುತ್ತಾರೆ ಎಂದು ಕೊರಗಬೇಡಿ. ಪಾಂಡವರಿಗೆ ಹನ್ನೆರಡು ವರ್ಷ ವನವಾಸ, ಮೇಲೆ ಒಂದು ವರ್ಷ ಅಜ್ಞಾತವಾಸ. ಅಮೆರಿಕದ ರೇಡಿಯೋ ನಿರೂಪಕ ಡಾನ್ ಐಮಸ್ 2007ರ ಏಪ್ರಿಲ್‌ನಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಹುಡುಗಿಯರನ್ನು ಅವರ ಕೂದಲು, ಶೀಲ ಎರಡನ್ನೂ ಎಳೆದು ಹೀಯಾಳಿಸಿದ. ಕೆಲಸ ಹೋಯಿತು. ಡಿಸೆಂಬರ್‌ನಲ್ಲಿ ಇನ್ನೊಂದು ರೇಡಿಯೋ ಕೇಂದ್ರದಲ್ಲಿ ಮೈಕ್ ಮುಂದೆ ಕುಳಿತಿದ್ದ. ಎಂಟು ತಿಂಗಳು. ಪಾಲ್ ಹೆನ್ರಿಯೂ ಮುಂದೆ ಆಸ್ಟ್ರೇಲಿಯಾ ಸುತ್ತಿಕೊಂಡು ನ್ಯೂಜಿಲೆಂಡ್‌ನ ಟಿವಿಗೇ ಮರಳಿದ.

ಮರಳುವ ದಾರಿಯಲ್ಲಿ ಒಂದು ಸುಂಕದ ಕಟ್ಟೆಯಿದೆ, ಕ್ಷಮೆಯ ವಿಡಿಯೊ. ಅದರ ಚಿತ್ರೀಕರಣ ಹೇಗಿರುತ್ತದೆಂದು ನಾನು ಊಹಿಸಿಕೊಂಡಿದ್ದೇನೆ. ಮೇಕಪ್ ಮಾಡಿದಂತೆ ಕಾಣದ ಮೇಕಪ್‌ಗೆ ಎರಡು ಗಂಟೆ. ತೋಳು ಮಡಿಚಿದ ಬಿಳಿ ಅಂಗಿ. ಹಿನ್ನೆಲೆಗೆ ಪುಸ್ತಕದ ಕಪಾಟು ಬೇಡ, ಗರ್ವ ಎನ್ನಿಸೀತು. ಸಾದಾ ಗೋಡೆ ಸಾಕು. ವಕೀಲರು ತಿದ್ದಿಕೊಟ್ಟ ಹಾಳೆ ಕ್ಯಾಮೆರಾ ಕೆಳಗೆ.

"ನನ್ನ ಮಾತಿನಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ..."

"ಕಟ್. ಸರ್, 'ಆಗಿದ್ದರೆ' ಎನ್ನುವಾಗ ಹುಬ್ಬು ಮೇಲೆ ಹೋಯಿತು. ಆಗಿರಲಿಕ್ಕಿಲ್ಲ ಎಂದು ನಿಮಗೇ ಅನುಮಾನ ಇರುವ ಹಾಗೆ ಕಾಣಿಸುತ್ತದೆ."

"ಅನುಮಾನ ಇದೆಯಲ್ಲಪ್ಪ."

"ಇರಲಿ ಸರ್, ಕಾಣಿಸಬಾರದು."

ಎರಡನೆಯ ಟೇಕ್. ನೋವು ತಾನಾಗಿ ಆಗಿದೆ, ಮಾತು ತಾನಾಗಿ ಬಂದಿದೆ, ವಾಕ್ಯದಲ್ಲಿ ಕರ್ತೃಪದ ಹುಡುಕಿದರೂ ಸಿಗುವುದಿಲ್ಲ. ಅಜ್ಜಿಯ ಸಂಸ್ಕಾರ ಬಂದು ಹೋಗುತ್ತದೆ, ಎಲ್ಲ ವರ್ಣದ ಗೆಳೆಯರೂ ಬಂದು ಹೋಗುತ್ತಾರೆ, ತಮ್ಮ ಮನೆಯವರು ಈ ವಾರ ಪಟ್ಟ ಪಾಡು ಬಂದಾಗ ಕಣ್ಣು ಒದ್ದೆಯಾಗುತ್ತದೆ. ಕ್ಯಾಮೆರಾದವನು ಹೆಬ್ಬೆರಳು ಎತ್ತುತ್ತಾನೆ. ಆಗ ಮೂಲೆಯಲ್ಲಿ ನಿಂತಿದ್ದ ಸಹಾಯಕ ನಿರ್ದೇಶಕಿ, ಕೆಲಸಕ್ಕೆ ಹೊಸಬಳು, ಹಾಳೆಯನ್ನು ತಿರುವಿ ನೋಡಿ ಕೇಳುತ್ತಾಳೆ:

"ಸರ್, ನೀವು ಬೈದದ್ದು ಯಾರಿಗೋ ಅವರ ಹೆಸರೇ ಇಲ್ಲವಲ್ಲ ಇದರಲ್ಲಿ?"

ಎಲ್ಲರೂ ವಕೀಲರ ಕಡೆ ನೋಡುತ್ತಾರೆ. ವಕೀಲರು ಕನ್ನಡಕ ತೆಗೆದು ಒರೆಸುತ್ತಾರೆ.

"ಬೇಡಮ್ಮ. ಉಚ್ಚಾರ ಕಷ್ಟದ್ದು. ಮತ್ತೆ ನಾಲಿಗೆ ಜಾರಿಬಿಟ್ಟರೆ?"