ಎರಡನೇ ಭಾಗದ ಗಮ್ಮತ್ತು

ಸಿನಿಮಾದ ಎರಡನೇ ಭಾಗ ಬರುತ್ತದೆ ಅಂದರೆ ನನಗೆ ಸ್ವಲ್ಪ ಭಯ, ಮೊದಲನೆಯದರ ಮಾನವನ್ನೂ ಎಲ್ಲಿ ಕಳೆಯುತ್ತಾರೋ ಅಂತ. ಗೇಮ್ ವಿಷಯದಲ್ಲಿ ಮಾತ್ರ ಉಲ್ಟಾ.

ಅಸ್ಯಾಸಿನ್ಸ್ ಕ್ರೀಡ್ ನೋಡಿ. 2007ರ ಮೊದಲ ಗೇಮಿನಲ್ಲಿ ನಾವು ಆಡಿಸುವ ಹಂತಕ ಅಲ್ಟಾಯಿರ್ ಎಂಥ ಗೋಪುರವನ್ನಾದರೂ ಸರಸರ ಹತ್ತುತ್ತಾನೆ, ತುದಿಯಿಂದ ಹುಲ್ಲಿನ ರಾಶಿಗೆ ಹಾರಿ ಏನೂ ಆಗದವನ ಹಾಗೆ ಮೈ ಕೊಡವಿಕೊಂಡು ಹೋಗುತ್ತಾನೆ. ಆದರೆ ನೀರಿಗೆ ಬಿದ್ದನೋ, ಸತ್ತ. ಇಷ್ಟು ದೊಡ್ಡ ಹಂತಕನಿಗೆ ಈಜು ಬರಲ್ಲ! ಗೇಮಿನಲ್ಲಿ ಬರುವ ಆಕ್ರೆ ಊರಿನ ಬಂದರಿನಲ್ಲಿ ಒಬ್ಬ ಕುಡುಕ ಸುಮ್ನೆ ತಳ್ಳಿದರೂ ಸಾಕು, ಕಥೆ ಮುಗೀತು. 2009ರಲ್ಲಿ ಬಂದ ಎರಡನೆಯದರಲ್ಲಿ ಹೊಸ ನಾಯಕ ಎಟ್ಸಿಯೊ ವೆನಿಸ್‌ನ ಕಾಲುವೆಗಳಲ್ಲಿ ಆರಾಮಾಗಿ ಈಜುತ್ತಾನೆ, ಕಾವಲುಗಾರರು ಬೆನ್ನು ಹತ್ತಿದರೆ ಮುಳುಗಿ ಅಡಗಿಕೊಳ್ಳುತ್ತಾನೆ. ನಮ್ಮ ಜೀವ ತೆಗೆಯುತ್ತಿದ್ದ ನೀರೇ ಈಗ ಬಚ್ಚಿಟ್ಟುಕೊಳ್ಳುವ ಜಾಗ.

ಮೊದಲ ಗೇಮ್ ಮಾಡುವವರ ಶಕ್ತಿಯೆಲ್ಲ ಮನುಷ್ಯ ನಡೆಯೋದು, ಹತ್ತೋದು, ಕ್ಯಾಮೆರಾ ಗೋಡೆಯೊಳಗೆ ಹೋಗದಿರೋದು ಇಂಥದ್ದಕ್ಕೇ ಖರ್ಚಾಗುತ್ತದೆ. ಎರಡನೇ ಸಲಕ್ಕೆ ಅದೆಲ್ಲ ರೆಡಿ. ಜೊತೆಗೆ ಆಡಿದವರು ಬೈದದ್ದೆಲ್ಲ ಕೈಯಲ್ಲಿರುತ್ತದೆ, ತಲೆಹರಟೆ ಮಾಡಲು ಒಂದಿಷ್ಟು ಸಮಯವೂ ಉಳಿಯುತ್ತದೆ. ಜೆಲ್ಡಾ ಸರಣಿಯ 1998ರ ಗೇಮ್ 'ಆಕರಿನಾ ಆಫ್ ಟೈಮ್' ನಂತರ ಅದರ ತಂಡ ಮಾಡಿದ್ದು ಇದನ್ನೇ. ಗೇಮ್ ಓಡಿಸುವ ಪ್ರೋಗ್ರಾಂ ಅಂದರೆ ಎಂಜಿನ್ ಅದೇ, ಬಹಳಷ್ಟು ಅವೇ ಮುಖಗಳು. ಆದರೆ ಮೂರು ದಿನದಲ್ಲಿ ಚಂದ್ರ ತಲೆ ಮೇಲೆ ಬೀಳುತ್ತಾನೆ, ಬೀಳುವ ಮೊದಲು ಕಾಲವನ್ನೇ ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲಿಂದ ಶುರು ಮಾಡಬೇಕು! 2000ರಲ್ಲಿ ಬಂದ 'ಮಜೋರಾಸ್ ಮಾಸ್ಕ್' ಅದು. ಎಲ್ಲವನ್ನೂ ಹೊಸದಾಗಿ ಕಟ್ಟುವ ತಲೆನೋವು ಇದ್ದಿದ್ದರೆ ಇಂಥ ಹುಚ್ಚು ಐಡಿಯಾಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ ಅನ್ನಿಸುತ್ತದೆ. ಎರಡರಲ್ಲಿ ನನ್ನ ವೋಟು ಇದಕ್ಕೇ, ಜಗಳಕ್ಕೆ ಬರುವವರು ಬರಬಹುದು.

ಹೊಡೆದಾಟದ ಗೇಮ್ ಸ್ಟ್ರೀಟ್ ಫೈಟರ್ ಕಥೆ ಇನ್ನೂ ಮಜಾ. 1987ರ ಮೊದಲನೆಯದನ್ನು ಈಗ ಯಾರು ನೆನೆಯುತ್ತಾರೆ ಹೇಳಿ? ಆಡಲು ಸಿಗುತ್ತಿದ್ದದ್ದು ರ್ಯು ಎಂಬ ಪಾತ್ರ, ಎರಡನೇ ಆಟಗಾರನಿಗೆ ಕೆನ್, ಅಷ್ಟೇ. 1991ರ ಎರಡನೆಯದರಲ್ಲಿ 8 ಜನ ಬಂದರು. ಏಟಿನ ಮೇಲೆ ಏಟು ಪೋಣಿಸುವ ಕಾಂಬೋ ಹುಟ್ಟಿದ್ದೂ ಇಲ್ಲೇ, ಅದೂ ಒಂದು ಬಗ್‌ನಿಂದ, ಅಂದರೆ ಪ್ರೋಗ್ರಾಂನ ತಪ್ಪಿನಿಂದ. ಮಾಡಿದವರು ಅದನ್ನು ಕಂಡೂ ಹಾಗೇ ಬಿಟ್ಟರು. ಪುಣ್ಯಾತ್ಮರು.

ಮೂರು, ನಾಲ್ಕನೆಯ ಭಾಗಗಳಲ್ಲಿ ಈ ಗಮ್ಮತ್ತು ಯಾಕೋ ಕಷ್ಟ. ಸೂಪರ್ ಮಾರಿಯೊ ಬ್ರದರ್ಸ್ 3 ಇಲ್ವಾ, ವಿಚರ್ 3 ಇಲ್ವಾ ಅಂತೀರಿ, ಇವೆ. ಆದರೆ ಜಾಸ್ತಿ ಕಡೆ ಆಗೋದು ಬೇರೆ. ಸರಿಮಾಡಬೇಕಾದ್ದೆಲ್ಲ ಮುಗಿದಿರುತ್ತದೆ, ಕಂಪನಿಗೆ ಮಾತ್ರ ಇನ್ನೊಂದು ಗೇಮ್ ಬೇಕು. ಆಗ ಮ್ಯಾಪ್ ದೊಡ್ಡದು ಮಾಡಿ ತುಂಬಾ ಚುಕ್ಕಿ ಹಾಕುತ್ತಾರೆ. ನಾವು ಒಂದೊಂದರ ಹತ್ತಿರ ಓಡಿ ಗರಿಯೋ ಬಾವುಟವೋ ಹೆಕ್ಕುತ್ತಾ ಇರಬೇಕು.