ಬಚ್ಚಲೊಲೆಯ ಪಕ್ಕದ ಸಸ್ಯಶಾಸ್ತ್ರ

ಆಷಾಢದಲ್ಲಿ ಶಿರಸಿ ಕಡೆ ಯಾವುದೂ ಒಣಗುವುದಿಲ್ಲ. ಹಗ್ಗದ ಮೇಲಿನ ಪಂಚೆ ನಾಲ್ಕು ದಿನ ಕಳೆದರೂ ತಣ್ಣಗೇ ಇರುತ್ತದೆ, ಮೂಲೆಯ ಚಪ್ಪಲಿಗೆ ಬೂಸು ಬಂದಿರುತ್ತದೆ, ಉಪ್ಪು ನೀರಾಗಿರುತ್ತದೆ. ಗುಡ್ಡದ ಪುಟ್ಟ ಗಿಡಗಳೆಲ್ಲ ಹೂ ಬಿಡುವುದೂ ಇದೇ ಹೊತ್ತಿಗೆ. ಸಸ್ಯಶಾಸ್ತ್ರದ ಹುಚ್ಚು ನಿಜವಾಗಿ ಹಿಡಿದಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಹವೆ ಸಿಗಲಿಕ್ಕಿಲ್ಲ. ಮೈಕ್ರೋಸ್ಕೋಪು ಆಮೇಲಿನ ಮಾತು. ಮೊದಲು ಗಿಡ ಒತ್ತಿ ಒಣಗಿಸಲು ಒಂದು ಹೊರೆ ಹಳೇ ಪೇಪರು, ಎರಡು ಹಲಗೆ, ಬಿಗಿಯಲು ಹಗ್ಗ, ಬಚ್ಚಲೊಲೆಯ ಪಕ್ಕದಲ್ಲಿ ಸ್ವಲ್ಪ ಜಾಗ.

ಗಿಡವನ್ನು ಒತ್ತಿ ಒಣಗಿಸಿ ಅಂಟಿಸುವ ಹರ್ಬೇರಿಯಂ ಹಾಳೆಯ ಅಳತೆ ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲ. ಇಡೀ ಕಾಡು ಈ ಚೌಕಟ್ಟಿನೊಳಗೆ ಕೂರಬೇಕು. ಪುಟ್ಟ ಗಿಡವಾದರೆ ಬೇರುಸಮೇತ, ಮರವಾದರೆ ದೋಟಿಯಲ್ಲಿ ಎಳೆದ ಹೂವೋ ಕಾಯಿಯೋ ಇರುವ ರೆಂಬೆ. ಹೂವೂ ಕಾಯಿಯೂ ಇಲ್ಲದ ಬರೀ ಎಲೆ ತಂದರೆ ಅದನ್ನು ಗುರುತಿಸುವಾಗ ತಜ್ಞರೂ ತಲೆ ತುರಿಸಿಕೊಳ್ಳುತ್ತಾರೆ. ಉದ್ದದ ಹುಲ್ಲನ್ನು ಕತ್ತರಿಸುವುದು ಬೇಡ, ಅಂಕುಡೊಂಕಾಗಿ ಮಡಚಿದರೆ ಸಾಕು. ಒಂದೆರಡು ಎಲೆಗಳನ್ನು ಮಗುಚಿ ಇಡಬೇಕು, ಬೆನ್ನಿನ ರೋಮ, ಗ್ರಂಥಿಗಳು ಕಾಣಬೇಕಲ್ಲ. ಒಂದೇ ಗಿಡದಿಂದ ಮೂರು ನಾಲ್ಕು ತುಂಡು ತಂದರೆ ಒಂದು ಹಾಳಾದರೂ ಅಳುವ ಪ್ರಸಂಗ ಬರುವುದಿಲ್ಲ.

ಗಿಡವನ್ನು ಪೇಪರಿನ ನಡುವೆ ಇಟ್ಟು ಹಲಗೆಗಳಿಂದ ಬಿಗಿದಾಯಿತು, ಕೆಡುವುದೆಲ್ಲ ಇಲ್ಲಿಂದ ಮುಂದೆ. ಮೊದಲ 24 ಗಂಟೆಯಲ್ಲಿ ಗಿಡ ಬೆವರಿ ಮೆತ್ತಗಾಗುತ್ತದೆ. ಆಗ ಕಟ್ಟು ಬಿಚ್ಚಿ, ಮಡಚಿಕೊಂಡ ಎಸಳುಗಳನ್ನು ಸೂಜಿಯ ಮೊನೆಯಲ್ಲಿ ಬಿಡಿಸಿ, ಒಣ ಪೇಪರು ಹಾಕಬೇಕು. ಈ ಹೊತ್ತು ತಪ್ಪಿದರೆ ಮುದುಡಿದ ಹೂವು ಮುದುಡಿದಂತೆಯೇ ಉಳಿಯುತ್ತದೆ. ಆಮೇಲೆ ದಿನಾ ಪೇಪರು ಬದಲಿಸುವುದು, ಮಳೆಗಾಲದಲ್ಲಿ ಹಲವರು ಎರಡು ಹೊತ್ತು ಬದಲಿಸುತ್ತಾರೆ. ಉತ್ಸಾಹ ಸಾಮಾನ್ಯವಾಗಿ ಮೂರನೇ ದಿನಕ್ಕೆ ಇಳಿಯುತ್ತದೆ, ಬೂಸು ಹತ್ತುವುದೂ ಅಂದಿನಿಂದಲೇ. ಹಾಗೆಂದು ಅವಸರ ಮಾಡಿ ಕಟ್ಟನ್ನು ಒಲೆಯ ಬಾಯಿಗೇ ಹಿಡಿದರೆ ಎಲೆ ಹಪ್ಪಳದಂತೆ ಮುರಿಯುತ್ತದೆ. ಅಡಿಕೆ ಒಣಗಿಸುವ ಊರಿನವರಿಗೆ ಈ ಹದ ಹೇಳಿಕೊಡಬೇಕಾಗಿಲ್ಲ: ಕಾವು ದೂರದಿಂದ ಬರಬೇಕು, ಗಾಳಿ ಆಡಬೇಕು. ಒಣಗಿದೆಯೇ ಎಂದು ತಿಳಿಯಲು ಎಲೆಯನ್ನು ಕೆನ್ನೆಗೆ ತಾಗಿಸಿ ನೋಡುವುದುಂಟು. ತಣ್ಣಗೆ ಹತ್ತಿದರೆ ಒಳಗೆ ಇನ್ನೂ ನೀರಿದೆ.

ಎಲ್ಲ ಗಿಡಗಳೂ ಮಾತು ಕೇಳುವುದಿಲ್ಲ. ಸೀತಾಳೆ ದಂಡೆಯಂಥ ಆರ್ಕಿಡ್ಡುಗಳು ಹಲಗೆಗಳ ನಡುವೆಯೂ ವಾರಗಟ್ಟಲೆ ಜೀವ ಹಿಡಿದಿರುತ್ತವೆ. ಅವುಗಳ ದಪ್ಪ ಎಲೆ, ಕಾಂಡಗಳನ್ನು ಹೂವಿಗೆ ತಾಗದಂತೆ ಕ್ಷಣಹೊತ್ತು ಕುದಿಯುವ ನೀರಿಗೆ ಅದ್ದಿ ತೆಗೆಯಬೇಕು. ಕರ್ಣಕುಂಡಲದ ಜಾತಿಯ ಹೂಗಳು ಕಾಗದಕ್ಕೇ ಅಂಟಿ ಹೋಗುತ್ತವೆ, ಅದಕ್ಕೆ ಒಂದೆರಡು ಹೂವನ್ನು ಶೇಕಡಾ 70ರ ಆಲ್ಕೋಹಾಲಿನಲ್ಲಿ ಬೇರೆಯೇ ಇಡುವುದು ಲೇಸು. ಹೊಳಗೇರಿನ ಬಳಗದ ಮರಗಳಂತೂ ಸೊನೆಯಿಂದ ಪೇಪರನ್ನು ಕಪ್ಪು ಮಾಡಿ ಕೈಗೆ ಬೊಕ್ಕೆ ಎಬ್ಬಿಸುತ್ತವೆ. ಅಂದಹಾಗೆ ಈ ಹೊಳಗೇರು ಎಂಬ ನಮ್ಮ ಹೆಸರೇ ಲ್ಯಾಟಿನ್ ವೇಷ ತೊಟ್ಟು ಹೊಲಿಗಾರ್ನ ಎಂಬ ಕುಲನಾಮವಾಗಿದೆ.

ಊರಿನ ಹೆಸರು ಇರುವಾಗ ಲ್ಯಾಟಿನ್ ಯಾಕೆ ಎಂಬ ಪ್ರಶ್ನೆಗೆ ಗೌರಿ ಹೂವೇ ಉತ್ತರ. ಕರ್ಣಕುಂಡಲಕ್ಕೂ ಗೌರಿ ಹೂ ಎನ್ನುತ್ತಾರೆ, ಅಗ್ನಿಶಿಖೆಗೂ ಗೌರಿ ಹೂ ಎನ್ನುತ್ತಾರೆ. ಅಗ್ನಿಶಿಖೆಯ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಹೆಸರನ್ನಷ್ಟೇ ನಂಬಿ ಕಷಾಯಕ್ಕೆ ಹೊರಟವರನ್ನು ಗೌರಿಯೂ ಕಾಯಲಾರಳು.

ಹಾಳೆಯ ಬಲಗಡೆ ಕೆಳಮೂಲೆಯ ಚೀಟಿಯಲ್ಲಿ ಹೆಸರು, ಜಾಗ, ಎತ್ತರ, ತಾರೀಕು, ತಂದವರು, ಕ್ರಮಸಂಖ್ಯೆ ಎಲ್ಲ ಇರುತ್ತವೆ. ಮುಖ್ಯವಾಗಿ ಬರೆಯಬೇಕಾದದ್ದು ಒಣಗಿದ ಮೇಲೆ ಇಲ್ಲವಾಗುವ ಸಂಗತಿ: ಹೂವಿನ ಬಣ್ಣ, ವಾಸನೆ, ಸೊನೆ, ಮರದ ಎತ್ತರ. ಕಾಡಿನಲ್ಲೇ ಪೆನ್ಸಿಲಿನಲ್ಲಿ ಬರೆದುಬಿಡಬೇಕು. ಶಾಯಿ ಪೆನ್ನಿನ ಅಕ್ಷರ ಮೊದಲ ಮಳೆಗೇ ಹರಿದು ಹೋಗುತ್ತದೆ, ಮನೆಗೆ ಬಂದು ಕಾಲಿಗೆ ಹತ್ತಿದ ಉಂಬಳ ಕಿತ್ತು ಮುಗಿಸುವಷ್ಟರಲ್ಲಿ ನೆನಪೂ ಹೋಗಿರುತ್ತದೆ.

ಇಷ್ಟೆಲ್ಲ ಯಾರಿಗಾಗಿ? ಸಿದ್ದಾಪುರ ತಾಲೂಕಿನ ಕತ್ತಲೆಕಾನನ್ನು ನೋಡಿ. ಹೊನ್ನಾವರದ ಹೆದ್ದಾರಿ ಹಾದುಹೋಗುವ, ರಾಮಪತ್ರೆಯ ಬಂಧುಗಳು ಮಂಡಿಯಂಥ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ನಿಂತಿರುವ ಜೌಗು ಕಾಡು ಅದು. ಆ ಜೌಗಿನ ಒಂದು ದೊಡ್ಡ ಮರಕ್ಕೆ ವಿಜ್ಞಾನದಲ್ಲಿ ಹೆಸರು ಸಿಕ್ಕಿದ್ದು 2000ದಲ್ಲಿ: ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಬಸ್ಸುಗಳು ದಿನವೂ ಹಾಯುವ ದಾರಿಯ ಕಾಡು, ಗೇರಿನ ಕುಟುಂಬದ್ದೇ ಮರ. ಆದರೆ ಗಂಡು ಮರ ಬೇರೆ, ಹೆಣ್ಣು ಮರ ಬೇರೆ, ಹೂವೋ ಮೇಲೆಲ್ಲೋ. ಹೊಸ ಜಾತಿ ಎಂದು ಸಾರಲು ಒಂದು ಮಾದರಿ ಹಾಳೆಯನ್ನು ಹರ್ಬೇರಿಯಂ ಎಂಬ ಒಣಗಿಡಗಳ ಸಂಗ್ರಹಾಲಯಕ್ಕೆ ಒಪ್ಪಿಸಲೇಬೇಕು. 2011ರವರೆಗೆ ಲ್ಯಾಟಿನ್ನಿನಲ್ಲಿ ವರ್ಣನೆಯೋ ಲಕ್ಷಣವೋ ಬೇಕಿತ್ತು, 2012ರಿಂದ ಇಂಗ್ಲಿಷೂ ನಡೆಯುತ್ತದೆ.

ಹಳೆಯ ಹಾಳೆಗಳೊಂದಿಗೆ ಹೋಲಿಸಲು ನಮ್ಮವರು ಘಟ್ಟ ಬಿಟ್ಟು ದೂರ ಹೋಗಬೇಕು. 1862ರಿಂದ 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬೈ ಕಡೆಗಿತ್ತು. ಸೆಜ್‌ವಿಕ್ ಮತ್ತು ಬೆಲ್ ಎಂಬ ಅಧಿಕಾರಿಗಳು ಇಲ್ಲಿ ಆಯ್ದ ಗಿಡಗಳು ಮುಂಬೈಯ ಬ್ಲಾಟರ್ ಹರ್ಬೇರಿಯಂನಲ್ಲಿವೆ. ಜಿಲ್ಲೆ ಕರ್ನಾಟಕಕ್ಕೆ ಬಂತು, ಎಲೆಗಳು ಅಲ್ಲೇ ಉಳಿದವು. ಇಂಥ ಹಳೇ ಹಾಳೆ ಮುಟ್ಟಿದ ಮೇಲೆ ಕೈ ತೊಳೆಯಬೇಕು: ಹುಳ ಹಿಡಿಯದಿರಲೆಂದು ಹಿಂದೆ ಪಾದರಸದ ಕ್ಲೋರೈಡು ಬಳಿಯುತ್ತಿದ್ದರು. ಈಗ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮೈನಸ್ 20 ಡಿಗ್ರಿಯಲ್ಲಿ ಕೆಲವು ದಿನ ಇಟ್ಟರೆ ಹುಳ ಸಾಯುತ್ತದೆ.

ಸಂಶೋಧನೆಯ ಅಧಿಕೃತ ದಾರಿ ಬೇರೆಯೇ ಇದೆ. ಬಿಎಸ್ಸಿ, ಎಂಎಸ್ಸಿ, ಆಮೇಲೆ ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್ ಪರವಾಗಿ ಎನ್‌ಟಿಎ ಎಂಬ ಸಂಸ್ಥೆ ನಡೆಸುವ ನೆಟ್ ಎಂಬ ಅರ್ಹತಾ ಪರೀಕ್ಷೆ: 200 ಅಂಕ, ಮೂರು ತಾಸು, ತಪ್ಪಿಗೆ ಅಂಕ ಕಡಿತ. ಫೆಲೋಶಿಪ್ಪು ಸಿಕ್ಕರೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಕಾಡಿಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಪತ್ರ ಬೇಕು, ಅದಕ್ಕೆ ಅರ್ಜಿಯನ್ನು ಹೂವಿನ ಕಾಲಕ್ಕಿಂತ ಬಹಳ ಮೊದಲೇ ಹಾಕಬೇಕು, ಏಕೆಂದರೆ ಹೂವು ಕಡತಕ್ಕಾಗಿ ಕಾಯುವುದಿಲ್ಲ. ಡಿಎನ್‌ಎ ನೋಡುವವರು ಎಲೆಯ ತುಂಡೊಂದನ್ನು ಹತ್ತು ಪಟ್ಟು ತೂಕದ ಸಿಲಿಕಾ ಜೆಲ್ಲಿನಲ್ಲಿ ಹಾಕಿಟ್ಟುಕೊಳ್ಳುತ್ತಾರೆ. ಅದೂ ಒಣಗಿಸುವ ಕೆಲಸವೇ.

ಹಸಿಯಾದ ಪೇಪರುಗಳನ್ನು ಎಸೆಯುವಂತಿಲ್ಲ, ಒಲೆಯ ಮೇಲ್ಗಡೆ ಹರವಿ ಮತ್ತೆ ಬಳಸಬೇಕು. ಅಲ್ಲೇ ಹೊತ್ತು ಹೋಗುವುದು. ಹೋದ ವರ್ಷದ ಅಡಿಕೆ ಧಾರಣೆ ಕಣ್ಣಿಗೆ ಬಿದ್ದರೆ ಓದದೆ ಮುಂದೆ ಹೋಗಲು ಈ ಸೀಮೆಯವರಿಂದ ಆಗುವುದಿಲ್ಲ. ಅಷ್ಟರಲ್ಲಿ ಮೀಯಲು ಬಂದ ಅಜ್ಜ ಹಲಗೆ ಕಟ್ಟನ್ನು ನೋಡಿ ಕೇಳುತ್ತಾನೆ: "ಒಣಗ್ಸಿ ಎಂತ ಮಾಡ್ತ್ಯೋ ತಮಾ, ಮಾರ್ಲಕ್ಕಾ?"