ಕಣ್ಣಿನ ಚಲನೆ, ಮಿದುಳಿನ ಕಾಯಿಲೆ ಮತ್ತು ಮೊಬೈಲ್ ಆಪ್

ಮೊಬೈಲ್ ಕ್ಯಾಮೆರಾದ ಮುಂದೆ ಎರಡು ನಿಮಿಷ ಕುಳಿತರೆ ಸಾಕು, ಕಣ್ಣಿನ ಚಲನೆ ನೋಡಿ ಮರೆವಿನ ಕಾಯಿಲೆಯನ್ನು ಮೊದಲೇ ಹೇಳಿಬಿಡುತ್ತೇವೆ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇದರ ಹಿಂದಿನ ವಿಜ್ಞಾನ ಗಟ್ಟಿಯಾಗಿಯೇ ಇದೆ, ಮಾರುವವರ ಅವಸರ ಅದರ ಮಾನ ಕಳೆಯುತ್ತಿದೆ.

ತಲೆಸುತ್ತನ್ನೇ ನೋಡಿ. ಗಂಟೆಗಟ್ಟಲೆ ಬಿಡದ ಸುತ್ತು, ವಾಂತಿ, ಕಣ್ಣುಗುಡ್ಡೆಯ ಅದುರಾಟ. ತೊಂದರೆ ಒಳಕಿವಿಯದೋ, ಮಿದುಳಿನ ಪಾರ್ಶ್ವವಾಯುವೋ? ವೈದ್ಯರು ತಮ್ಮ ಮೂಗನ್ನೇ ನೋಡುತ್ತಿರಲು ಹೇಳಿ, ರೋಗಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಫಕ್ಕನೆ ತುಸುವೇ ಪಕ್ಕಕ್ಕೆ ತಿರುಗಿಸುತ್ತಾರೆ. (ಮನೆಯಲ್ಲಿ ದಯವಿಟ್ಟು ಯಾರ ಕುತ್ತಿಗೆಯ ಮೇಲೂ ಇದನ್ನು ಪ್ರಯೋಗಿಸಬೇಡಿ.) ಒಳಕಿವಿಯ ನರ ಕೆಟ್ಟಿದ್ದರೆ ಕಣ್ಣು ತಲೆಯ ಜೊತೆಗೇ ಜಾರಿ, ಆಮೇಲೆ ಜಿಗಿದು ಮೂಗಿಗೆ ಮರಳುತ್ತದೆ. ಸರಿಯಿದ್ದರೆ ದೃಷ್ಟಿ ಕದಲುವುದೇ ಇಲ್ಲ. ಹಲ್ಮಾಗಿ ಮತ್ತು ಕರ್ತಾಯ್ಸ್ ಎಂಬ ಸಂಶೋಧಕರು ಇದನ್ನು 1988ರಲ್ಲಿ ವಿವರಿಸಿದರು. ಸೋಜಿಗವೆಂದರೆ, ಇಂಥ ರೋಗಿಯಲ್ಲಿ ಕಣ್ಣು ಜಿಗಿಯದೆ ಪರೀಕ್ಷೆ 'ಸರಿ' ಎಂದು ಬಂದಾಗಲೇ ಪಾರ್ಶ್ವವಾಯುವನ್ನು ಶಂಕಿಸಬೇಕು! ಇದರ ಜೊತೆಗೆ ಅದುರಾಟದ ದಿಕ್ಕನ್ನೂ, ಒಂದು ಕಣ್ಣು ಇನ್ನೊಂದಕ್ಕಿಂತ ಮೇಲೆ ನಿಂತಿದೆಯೇ ಎಂಬುದನ್ನೂ ನೋಡುತ್ತಾರೆ. ನುರಿತ ವೈದ್ಯರ ಕೈಯಲ್ಲಿ ಈ ಮೂರೂ ಸೇರಿ, ಆರಂಭದ ಎಂಆರ್‌ಐ ಕಾಣದೆ ಬಿಟ್ಟ ಪಾರ್ಶ್ವವಾಯುವನ್ನೂ ಹಿಡಿದಿವೆ ಎಂದು 2009ರ ಅಧ್ಯಯನವೊಂದು ತೋರಿಸಿತು. ತಲೆಸುತ್ತೇ ಇಲ್ಲದವರಲ್ಲಿ ಅದೇ 'ಸರಿ'ಗೆ ಅಂಥ ಅರ್ಥವೇನೂ ಇಲ್ಲ. ರೋಗಿಯ ಕಥೆ ಕೇಳದ ಆಪ್ ಈ ವ್ಯತ್ಯಾಸವನ್ನು ಹೇಗೆ ತಿಳಿಯುತ್ತದೆ?

ಯಂತ್ರ ಬೇಡವೆನ್ನುವವನಲ್ಲ ನಾನು. ಸೆಕೆಂಡಿಗೆ 250 ಚಿತ್ರ ತೆಗೆಯುವ ಕನ್ನಡಕಗಳು, ವೈದ್ಯರ ಬರಿಗಣ್ಣಿಗೆ ಕಾಣದಷ್ಟು ಬೇಗ ಮುಗಿಯುವ ಜಿಗಿತಗಳನ್ನೂ ಹಿಡಿಯುತ್ತವೆ. ಸೆಕೆಂಡಿಗೆ 30 ಚಿತ್ರ ತೆಗೆಯುವ ಮೊಬೈಲಿಗೆ 50 ಮಿಲಿಸೆಕೆಂಡಿನ ಜಿಗಿತದಲ್ಲಿ ಸಿಗುವುದು ಒಂದೋ ಎರಡೋ ಚಿತ್ರ.

ಪಾರ್ಕಿನ್ಸನ್ ಎಂದುಕೊಂಡು ಔಷಧ ಕೊಡುತ್ತಿದ್ದ ರೋಗಿ ಪದೇ ಪದೇ ಬೀಳುತ್ತಿದ್ದರೆ, ಮೇಲೆ ಕೆಳಗೆ ನೋಡುವಾಗ ಕಣ್ಣು ನಿಧಾನಿಸಿದ್ದರೆ, ಅದು 1964ರಲ್ಲಿ ಗುರುತಿಸಲಾದ, ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಅಥವಾ ಪಿಎಸ್‌ಪಿ ಎಂಬ ಬೇರೆಯೇ ಮಿದುಳಿನ ಕಾಯಿಲೆ ಇರಬಹುದು. ತಲೆಗೆ ಪೆಟ್ಟು ಬಿದ್ದು ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣದವರಲ್ಲೂ ಕಣ್ಣುಗಳ ಹೊಂದಾಣಿಕೆ ತಪ್ಪಿರುವುದುಂಟು. ಇದಕ್ಕೆಂದೇ ರೂಪಿಸಿದ ಸಾಧನವೊಂದಕ್ಕೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು, ಅದೂ ರೋಗನಿರ್ಣಯಕ್ಕೆ ನೆರವೆಂದು ಮಾತ್ರ.

ನಿದ್ದೆಗೆಟ್ಟವರ, ಕುಡಿದವರ, ನಿದ್ರೆಮಾತ್ರೆ ನುಂಗಿದವರ ಕಣ್ಣೂ ನಿಧಾನಿಸುತ್ತದೆ, ವಯಸ್ಸಾದವರದಂತೂ ಸರಿಯೇ. ಹಾಗಾಗಿ ಒಂದು ದಿನದ ಅಂಕವನ್ನು ನಂಬಿ ಕಂಗೆಡುವುದು ಬೇಡ. ಒಬ್ಬರದೇ ಕಣ್ಣನ್ನು ಒಂದೇ ಸಾಧನದಲ್ಲಿ ವರ್ಷಗಟ್ಟಲೆ ಅಳೆದು, ಆ ದಾಖಲೆಯನ್ನು ನರರೋಗ ತಜ್ಞರ ಮುಂದಿಡುವುದಾದರೆ ನಾನೂ ಕ್ಯಾಮೆರಾದ ಮುಂದೆ ಕೂರುತ್ತೇನೆ.